ಗೋಡೆಯಾಚೆಯ ಸ್ವಿಚ್ಚು

ಮಾನ್ವಿಯ ನಮ್ಮ ಮನೆಯ ಟ್ಯೂಬ್‌ಲೈಟನ್ನು ನಾನು ದುರಸ್ತಿ ಮಾಡಿದೆ. ಈ ವಾಕ್ಯವನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಟ್ಯೂಬು ಕೆಟ್ಟಿರಲಿಲ್ಲ, ಕೆಟ್ಟದ್ದು ಸ್ವಿಚ್ಚು. ಆ ಸ್ವಿಚ್ಚನ್ನು ನಾನು ಮುಟ್ಟಲೂ ಇಲ್ಲ. ಅದನ್ನು ಬಿಟ್ಟು ಬೇರೆ ಕಡೆಯಿಂದ ಟ್ಯೂಬಿಗೆ ವೈರು ಎಳೆದೆ, ಅಷ್ಟೆ. ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯಲ್ಲಿ ನಮ್ಮವ್ವನಿಗೂ ದೊಡ್ಡವ್ವನಿಗೂ ನಡುವೆ ಉಳಿದಿದ್ದ ಒಂದೇ ಒಂದು ಮಾತುಕತೆಯನ್ನು ಇಕ್ಕಳದಿಂದ ಕತ್ತರಿಸಿ, ತುದಿಗೆ ಟೇಪು ಸುತ್ತಿ ಬಂದೆ.

ದೊಡ್ಡವ್ವ ಅಂದರೆ ದೊಡ್ಡಪ್ಪನ ಹೆಂಡತಿ. ಅವ್ವ, ದೊಡ್ಡವ್ವ ಇಬ್ಬರೂ ಕುರ್ಡಿಯವರು, ಒಂದೇ ಓಣಿಯವರು. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಸಾಲಿನಲ್ಲಿ ಬಗ್ಗಿ ನೆಲ್ಲು ನಾಟಿ ಮಾಡಿದವರು. ಅಪ್ಪ, ದೊಡ್ಡಪ್ಪ ಇಬ್ಬರೂ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಪಡಸಾಲೆಯ ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಯಾತಕ್ಕೆ ನಿಂತಿತು ಎಂಬುದಕ್ಕೆ ನನ್ನ ಹತ್ತಿರ ಮೂರು ಕಾರಣಗಳಿವೆ. ಒಂದರಲ್ಲಿ ಒಳಕಲ್ಲು ಯಾರ ಪಾಲಿಗೆ ಎಂಬ ಜಗಳವಿದೆ. ಇನ್ನೊಂದರಲ್ಲಿ ಗೋಡೆ ಒಂದು ಗೇಣು ಆಚೆ ಸರಿದಿದೆ. ಮೂರನೆಯದರಲ್ಲಿ ಓಣಿಯ ನಳದ ಹತ್ತಿರ ಯಾರೋ ಯಾರಿಗೋ ಒಂದು ಮಾತು ಅಂದಿದ್ದಾರೆ. ಒಂದನ್ನು ಆರಿಸಿಕೊಂಡರೆ ಬರವಣಿಗೆ ನೀಟಾಗುತ್ತದೆ. ಆರಿಸಿಕೊಳ್ಳುವುದಿಲ್ಲ. ಮಾತು ನಿಂತಿತ್ತು ಎಂಬುದಷ್ಟೇ ನನಗೆ ಖಾತ್ರಿ. ನಳಕ್ಕೆ ಒಬ್ಬಳು ಕೊಡ ಹಿಡಿದು ಹೊರಟರೆ ಇನ್ನೊಬ್ಬಳು ಅವಳು ತಿರುಗಿ ಬರುವ ತನಕ ಹೊಸ್ತಿಲು ದಾಟುತ್ತಿರಲಿಲ್ಲ.

ಆದರೆ ಗೋಡೆ ಕಟ್ಟುವಾಗ ಒಂದು ತಪ್ಪಾಗಿತ್ತು. ಟ್ಯೂಬ್‌ಲೈಟು ನಮ್ಮ ಪಾಲಿಗೆ ಬಂತು, ಅದರ ಸ್ವಿಚ್ಚು ದೊಡ್ಡವ್ವನ ಪಾಲಿಗೆ ಹೋಯಿತು. ಗೋಡೆಯನ್ನು ತೊಲೆಯವರೆಗೆ ಏರಿಸಲೂ ಆಗಲಿಲ್ಲ, ಆ ವೈರು ದಾಟಬೇಕಲ್ಲ, ಮೇಲೆ ಗೇಣುದ್ದ ಕಿಂಡಿ ಬಿಟ್ಟರು. ದೇವದುರ್ಗದಲ್ಲಿರುವ ನನ್ನ ತಂಗಿಯ ಗಂಡ ವೈರ್‌ಮನ್. ಗೋಡೆಯ ಸಿಮೆಂಟು ಒಣಗುವ ಮೊದಲೇ ಬಂದು ನೋಡಿ, "ನಾಳಿಗಿ ಬಂದು ಬದಲಿ ಮಾಡಿ ಕೊಡ್ತೀನಿ" ಅಂದಿದ್ದ. ಆ ನಾಳೆ ಏಳು ವರ್ಷವಾದರೂ ಬಂದಿರಲಿಲ್ಲ.

ಅವ್ವ ಮಾನ್ವಿ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಬೆಳಗಿನ ಐದಕ್ಕೆ ಒಲೆ ಹೊತ್ತಬೇಕು. ಒಲೆಯ ಕಡೆ ಬೇರೆ ದೀಪವಿಲ್ಲ. ಹಾಗಾಗಿ ಐದಕ್ಕೆ ಕಿಂಡಿಯ ಕಡೆ ಮುಖ ಎತ್ತಿ ಒಂದು ಪದ ಹೇಳುತ್ತಿದ್ದಳು: "ಲೈಟ್." ಆಚೆ ದೊಡ್ಡವ್ವ ಒತ್ತುತ್ತಿದ್ದಳು. ಬೆಳಕು ಹರಿದ ಮೇಲೆ ಇನ್ನೊಂದು ಪದ: "ಆರಸು." ಮೊದಲ ವರ್ಷಗಳಲ್ಲಿ ಇಷ್ಟೇ, ದಿನಕ್ಕೆ ಎರಡು ಪದ. ಹಿಂದೆ ಮುಂದೆ ಯಕ್ಕಾ ಇಲ್ಲ, ತಂಗೀ ಇಲ್ಲ.

ಆಮೇಲೆ ಸ್ವಿಚ್ಚು ಕೆಡತೊಡಗಿತು. ಒತ್ತಿದರೆ ಕಚ್ಚಿಕೊಳ್ಳದು, ಚಟಪಟ ಅನ್ನುವುದು, ಟ್ಯೂಬಿನ ಎರಡು ತುದಿ ಕೆಂಪಗಾಗಿ ಸುಮ್ಮನಾಗುವುದು. ದೊಡ್ಡವ್ವ ಲಟ್ಟಣಿಗೆಯ ಹಿಡಿಯಿಂದ ಅದನ್ನು ಬಡಿಯುವುದು ಕಲಿತಳು. ಕೆಟ್ಟ ಸ್ವಿಚ್ಚಿಗೆ ಎರಡು ಪದ ಸಾಲದಾಯಿತು. ರಾಯಚೂರಿನಿಂದ ರಜೆಗೆ ಹೋದಾಗ ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಕೇಳಿಸಿಕೊಂಡದ್ದು ಹೆಚ್ಚುಕಡಿಮೆ ಹೀಗಿತ್ತು.

"ಲೈಟ್."

"ಒತ್ತೀನಿ."

"ಹತ್ತವಲ್ದು."

"ಒತ್ತೀನಿ ಅಂದೆ."

"ಒತ್ತಿದ್ರ ಹತ್ತಬೇಕಲ್ಲ?"

"ಅದನ್ನ ಅದಕ್ಕ ಕೇಳು, ನನಗೇನ್ ಕೇಳ್ತಿ?" ಠಕ್, ಠಕ್, ಠಕ್.

"ಜರಾ ಮ್ಯಾಲ ಬಡಿ."

"ನನಗ ಕಲಿಸಬ್ಯಾಡ."

"ಹಸಿ ಕೈಲೆ ಮುಟ್ಟೀಯಾ, ಹುಷಾರು."

"ಸತ್ರ ನಿನಗ ಚೊಲೋನ ಆತಲ್ಲ, ಈ ಕಡಿ ಮನಿನೂ ನಿಂದ."

"ನಿನ್ನ ಮನಿ ತಗೊಂಡು ಏನ್ ಮಾಡ್ಲಿ? ಮಾಳಗಿ ಸೋರತದ."

"ನಿನಗ ಹ್ಯಾಂಗ ಗೊತ್ತು ಸೋರತದ ಅಂತ?"

"ಮಳಿ ಬಂದಾಗ ಪಾತ್ರಿ ಇಡೂ ಸಪ್ಪಳ ಕೇಳತದ."

ಅಷ್ಟರಲ್ಲಿ ಟ್ಯೂಬು ಹತ್ತುತ್ತಿತ್ತು, ಮಾತು ನಿಲ್ಲುತ್ತಿತ್ತು. ಸ್ವಿಚ್ಚು ಕೆಟ್ಟಷ್ಟೂ ಮಾತು ಉದ್ದವಾಗುತ್ತ ಹೋಗಿತ್ತು ಎಂಬುದು ಈಗ ನನಗೆ ಎಷ್ಟು ಸ್ಪಷ್ಟ! ಆಗ ಕೇಳಿಸಿದ್ದು ಗದ್ದಲ ಮಾತ್ರ. ನಿದ್ದೆಗೇಡು. ತಾಯಿಯ ವಯಸ್ಸಿಗೆ ಇದು ಬೇಕೆ ಎಂಬ ಸಿಟ್ಟು. ನಾನು ರಾಯಚೂರಿನಲ್ಲಿ ಪಾಠ ಹೇಳುವವನು. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲಿಲ್ಲ. ಸ್ಟಾಫ್ ರೂಮಿನ ಕುರ್ಚಿ ಅಲ್ಲಾಡಿದರೆ ಅದರ ಕಾಲಿಗೆ ಕಾಗದ ಮಡಿಸಿ ಇಡುವ ತನಕ ಎದುರಿನವರ ಮಾತು ಕಿವಿಗೆ ಹೋಗುವುದಿಲ್ಲ. ನನ್ನ ಚೀಲದಲ್ಲಿ ಪೆನ್ನಿಗಿಂತ ಮೊದಲು ಟೆಸ್ಟರು ಕೈಗೆ ಸಿಗುತ್ತದೆ.

ಅದು ಭಾನುವಾರ. ರಾಯಚೂರಿನಲ್ಲಿ ವೈರು, ಟೇಪು, ಹೊಸ ಸ್ವಿಚ್ಚು ಕೊಂಡು ಹೋಗಿದ್ದೆ. ಮಧ್ಯಾಹ್ನ ಅವ್ವ ಹಿಟ್ಟು ಸಾಣಿಸುತ್ತಿದ್ದಳು.

"ಬ್ಯಾಡ ಬಿಡು. ನಡ್ಯಾಕತ್ತದಲ್ಲ," ಅಂದಳು.

"ಎಲ್ಲಿ ನಡ್ಯಾಕತ್ತದ? ದಿನಾ ಮುಂಜಾನಿ ಯುದ್ಧ."

"ಯುದ್ಧ ಅಂತ ಯಾರಂದ್ರು ನಿನಗ?"

"ಯಾರ್ ಅನಬೇಕು, ಓಣಿಗೆಲ್ಲಾ ಕೇಳತದ."

"ಓಣಿಯವರು ಕಿವಿಗಿ ಹತ್ತಿ ಇಟ್ಕೊಳ್ಳಲಿ."

ನಾನು ಕೊನೆಯ ಅಸ್ತ್ರ ಎಂಬಂತೆ ಹೇಳಿದೆ: "ಆ ಸ್ವಿಚ್ಚಿನಾಗ ಕಿಡಿ ಹಾರತದಬೇ. ದೊಡ್ಡವ್ವಗ ಶಾಕ್ ಹೊಡದ್ರ ಏನ್ ಮಾಡ್ತಿ?"

ಅವ್ವನ ಜರಡಿ ನಿಂತಿತು. "ಹಂಗಾರ ಮಾಡು," ಅಂದಳು.

ಈ ಎರಡು ಪದ ನನಗೆ ಸರಿಯಾಗಿ ನೆನಪಿವೆ ಎಂದು ಪ್ರಮಾಣ ಮಾಡಬಲ್ಲೆ. ಅವಳು ಒಪ್ಪಿದ್ದು ದೊಡ್ಡವ್ವನ ಜೀವಕ್ಕಾಗಿ. ಅದನ್ನು ಗೋಡೆಯಾಚೆ ಹೋಗಿ ಯಾರಾದರೂ ಹೇಳಬೇಕಿತ್ತು. ಹೇಳಬೇಕಾದವನು ಆಗಲೇ ಸ್ಟೂಲು ಹತ್ತಿ ನಿಂತಿದ್ದ.

ಕೆಲಸದ ಬಗ್ಗೆ ಬರೆಯುವುದು ಸುಲಭ, ಅದಕ್ಕೇ ಅನುಮಾನ. ಆದರೂ ಬರೆಯುತ್ತೇನೆ. ಮೀಟರು ಎರಡು ಮನೆಗೂ ಒಂದೇ, ಹೊರಗೋಡೆಯ ಮೇಲಿದೆ. ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡೆ. ಆಚೆಯಿಂದ ದೊಡ್ಡವ್ವನ ಸೊಸೆ "ಕರೆಂಟ್ ಹೋತು ನೋಡ್ರಿ" ಅಂದದ್ದು ಕೇಳಿಸಿತು. ನಾನು ತೆಗೆದೆ ಎಂದು ಕೂಗಿ ಹೇಳಲಿಲ್ಲ. ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ಬಿಡಿಸಿ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಎದೆಗೆ ಆನಿಸಿ ಹಿಡಿದು ನಿಂತಳು. ತಗಡಿನ ಪಟ್ಟಿಯನ್ನು ಎರಡು ಮೊಳೆಗಳಿಂದ ಇಳಿಸಿದೆ. ಮೇಲೆ ಬೆರಳು ದಪ್ಪ ಹಿಟ್ಟಿನ ಧೂಳು, ಹಲ್ಲಿಯ ಮೂರು ಮೊಟ್ಟೆ. ಒಳಗೆ ಹಳೆಯ ಚೋಕು, ಅರ್ಧ ಇಟ್ಟಿಗೆಯಷ್ಟು ಭಾರ. ಹಳೆಯ ವೈರಿನ ಮೈ ಒಣಗಿದ ಸಿಪ್ಪೆಯಂತೆ ಕೈಗೆ ಉದುರಿತು. ನಮ್ಮ ಬಾಗಿಲ ಹತ್ತಿರ ಫ್ಯಾನಿನ ಒಂದು ಬೋರ್ಡಿದೆ, ಅದರಲ್ಲಿ ಒಂದು ತೂತು ಖಾಲಿ ಇತ್ತು. ಅಲ್ಲಿ ಹೊಸ ಸ್ವಿಚ್ಚು ಕೂರಿಸಿ, ಅಲ್ಲಿಂದ ತೊಲೆಯ ಗುಂಟ ಹೊಸ ವೈರು ತಂದು ಪಟ್ಟಿಗೆ ಜೋಡಿಸಿದೆ. ಕಿಂಡಿಯಲ್ಲಿ ದಾಟಿ ಬರುತ್ತಿದ್ದ ಹಳೆಯ ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಆಚೆ ನೂಕಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ವೈರಿಲ್ಲದ ಕಿಂಡಿ ನನಗೆ ಅಲ್ಲಾಡುವ ಕುರ್ಚಿಯ ಹಾಗೆ ಕಂಡಿತು. ಗೋಣಿ ತುಣುಕು ತುರುಕಿ, ಮೇಲೆ ಒಂದು ಹಿಡಿ ಸಿಮೆಂಟು ಕಲಸಿ ಬಳಿದೆ. ಹಲ್ಲಿ ಬರುವುದಿಲ್ಲ ಎಂದು ಅವ್ವನಿಗೆ ಹೇಳಿದೆ.

ಫ್ಯೂಜು ಹಾಕಿ, "ಒತ್ತು," ಅಂದೆ. ಅವ್ವ ಒತ್ತಿದಳು. ಎರಡು ಸಲ ಕಣ್ಣು ಮಿಟುಕಿಸಿ ಟ್ಯೂಬು ಹತ್ತಿತು. ಅವಳು ತನ್ನ ಬೆರಳನ್ನು ನೋಡಿಕೊಂಡಳು.

"ಇಷ್ಟಾ?"

"ಇಷ್ಟ."

"ಚೊಲೋ ಆತು," ಅಂದು ಮತ್ತೆ ಜರಡಿ ಹಿಡಿದಳು.

ಸೋಮವಾರ ಬೆಳಗಿನ ಬಸ್ಸಿಗೆ ಹೋಗಬೇಕಿತ್ತು, ಐದಕ್ಕೆ ಎದ್ದಿದ್ದೆ. ಅವ್ವ ಎದ್ದು ಸೀದಾ ಬೋರ್ಡಿನ ಹತ್ತಿರ ಹೋಗಿ ಒತ್ತಿದಳು. ಬೆಳಕು. ಹಿಟ್ಟು ನಾದಿದಳು, ಬಡಿಯತೊಡಗಿದಳು. ಆಚೆ ಹೆಜ್ಜೆ ಬಂದು ಗೋಡೆಯ ಹತ್ತಿರ ನಿಂತದ್ದು ನನಗೆ ಕೇಳಿಸಿತು. ಟಕ್. ಸುಮ್ಮನೆ. ಇನ್ನೊಮ್ಮೆ ಟಕ್. ಆಮೇಲೆ ಲಟ್ಟಣಿಗೆ, ಒಂದು ಸಲ, ಬಹಳ ಮೆಲ್ಲಗೆ. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತೋ, ನಿಲ್ಲಲಿಲ್ಲವೋ? ನಿಂತಿತು ಎಂದು ಬರೆದರೆ ನಾನು ಆಗಲೇ ಅರ್ಥಮಾಡಿಕೊಂಡೆ ಎಂದಾಗುತ್ತದೆ. ಅರ್ಥಮಾಡಿಕೊಂಡಿರಲಿಲ್ಲ. ಎರಡು ಬಿಸಿ ರೊಟ್ಟಿ ಕಟ್ಟಿಸಿಕೊಂಡು, ಖುಷಿಯಾಗಿಯೇ ಬಸ್ಸು ಹತ್ತಿದೆ.

ಎರಡು ವಾರದ ನಂತರ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ದೇವದುರ್ಗಕ್ಕೆ ಹಾಕಿದರು. ತಂಗಿಯ ಮನೆಯಲ್ಲಿ ಉಳಿದುಕೊಂಡೆ. ಚೀಲ ಇಳಿಸುವ ಮೊದಲೇ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ಮಾಡಿ ಬಂದಿಯಣ್ಣಾ ಮಾನ್ವಿಯಾಗ?"

"ಟ್ಯೂಬ್‌ಲೈಟ್ ಸರಿ ಮಾಡಿ ಬಂದೀನಿ. ನಿನ್ನ ಗಂಡ ಏಳು ವರ್ಷದಾಗ ಮಾಡಲಾರದ್ದು."

"ನಮ್ಮವರು ದೇವದುರ್ಗದಾಗ ಅರ್ಧ ಊರಿಗಿ ವೈರಿಂಗ್ ಮಾಡ್ಯಾರ. ಅತ್ತಿ ಮನಿ ಒಂದು ಸ್ವಿಚ್ ಬದಲಿ ಮಾಡಾಕ ಬರಂಗಿಲ್ಲಂತ ತಿಳ್ಕೊಂಡಿಯೇನು? ನಾನ ಬ್ಯಾಡ ಅಂದೀನಿ. ವರ್ಷಾ ಕೇಳ್ತಾರ, ವರ್ಷಾ ಬ್ಯಾಡ ಅಂತೀನಿ."

ಅವಳ ಗಂಡ ಚಹಾದ ಕಪ್ಪು ಹಿಡಿದು ನಗುತ್ತಿದ್ದ. "ಸರ, ಕೆಲಸ ಮಾಡೂದು ಸಸಾರ ಐತ್ರಿ. ಮಾಡಲಾರ್ದ ಇರೂದು ಬಾಳ ತ್ರಾಸ."

"ಈಗ ಏನಾಗ್ಯದ ಅಂತ ಇಷ್ಟು ಬಯ್ಯಾಕತ್ತೀರಿ?"

ತಂಗಿ ಹೇಳಿದಳು. ಆ ಸೋಮವಾರವೇ ದೊಡ್ಡವ್ವನ ಮಗ, ಸ್ವಿಚ್ಚು ಯಾಕೆ ಹತ್ತುವುದಿಲ್ಲ ಎಂದು ಏಣಿ ಹಾಕಿ ನೋಡಿದ್ದಾನೆ. ಕತ್ತರಿಸಿದ ವೈರು ಕಂಡಿದೆ, ಸಿಮೆಂಟು ಬಳಿದ ಕಿಂಡಿ ಕಂಡಿದೆ. ದೊಡ್ಡವ್ವ ಊಟಕ್ಕೆ ಕೂತಿಲ್ಲವಂತೆ. ಸಂಜೆ ಸೊಸೆಯ ಮುಂದೆ ಒಂದೇ ಮಾತು: "ನನ್ನ ಕೈಲೆ ಹಚ್ಚಿದ್ದು ಬ್ಯಾಡಾತು ಆಕಿಗಿ."

"ಅವ್ವ ಏನಂತಾಳ?"

"ಅವ್ವಗ ಫೋನ್ ಮಾಡಿದ್ರ ರೊಟ್ಟಿ ಸರಿ ಬರವಲ್ದು ಅಂತಾಳ. ಹಿಟ್ಟು ಚೊಲೋ ಇಲ್ಲ ಅಂತಾಳ. ಹಿಟ್ಟಿಗೇನಾಗ್ಯದ? ನಿನಗ ಓದ್ಸಿ ಏನ್ ಉಪಯೋಗಾತೋ ಅಣ್ಣಾ."

ಎರಡು ದಿನ ಹುಡುಗರು ಬರೆಯುವುದನ್ನು ಕಾಯುತ್ತ, ಬೆಂಚುಗಳ ನಡುವೆ ಹಿಂದೆ ಮುಂದೆ ನಡೆದೆ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ವೈರಿಂಗಿನ ಚಿತ್ರ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಗೆ ತಂಗಿಯ ಗಂಡನೇ ದಾರಿ ಹೇಳಿದ. "ಮೆಟ್ಟಿಲ ವೈರಿಂಗ್ ಮಾಡ್ರಿ ಸರ. ಮಾಳಗಿ ಮೆಟ್ಟಿಲಿಗಿ ಮಾಡ್ತೀವಲ್ಲ, ಕೆಳಗಿನ ಸ್ವಿಚ್ಚಿಲೆನೂ ಹತ್ತತದ, ಮ್ಯಾಲಿನ ಸ್ವಿಚ್ಚಿಲೆನೂ ಹತ್ತತದ. ಇಬ್ಬರ ಕೈಯಾಗೂ ಇರಲಿ." ಅದಕ್ಕೆ ಬೇಕಾದ ಬೇರೆ ತರಹದ ಎರಡು ಸ್ವಿಚ್ಚು ತನ್ನ ಡಬ್ಬಿಯಿಂದ ತೆಗೆದು ಕೊಟ್ಟ. ನನಗೆ ಪ್ರಾಣ ಬಂದ ಹಾಗಾಯಿತು. ತಪ್ಪನ್ನು ಸ್ಕ್ರೂಡ್ರೈವರಿನಿಂದಲೇ ತಿದ್ದಬಹುದು ಎಂದು ಗೊತ್ತಾದರೆ ನನ್ನಂಥವರಿಗೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಶನಿವಾರ ಸಂಜೆ ಮಾನ್ವಿಗೆ ಬಂದೆ. ಅವ್ವನಿಗೆ ಏನೂ ಹೇಳಲಿಲ್ಲ. ಬೆಳಿಗ್ಗೆ ದೊಡ್ಡವ್ವನ ಮನೆಗೆ ನಾನೇ ಹೋಗಿ, ವಿಷಯ ಹೇಳಿ, ಎರಡೂ ಕಡೆ ಕೂರಿಸುವುದು ಎಂದುಕೊಂಡು ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಐದಕ್ಕೆ ಅವ್ವ ಎದ್ದಳು. ಬೋರ್ಡಿನ ಹತ್ತಿರ ಹೋದಳು, ಒತ್ತಲಿಲ್ಲ. ಕತ್ತಲಲ್ಲೇ ನಿಂತು ಗೋಡೆಯ ಕಡೆ ಮುಖ ಎತ್ತಿದಳು.

"ಲೈಟ್ ಹಾಕಬೇ."

ಆಚೆಯಿಂದ ದನಿ ಬಂತು, ತೀರ ಹತ್ತಿರದಿಂದ, ಕಾಯುತ್ತಿದ್ದವಳ ದನಿ. "ತಡಿ." ಠಕ್, ಠಕ್.

"ಹತ್ತವಲ್ದು."

"ಹತ್ತತದ, ಅವಸರ ಯಾಕ? ಯಾರ ಮದಿವಿ ಅದ?"

"ನಿನ್ನ ಸೊಸಿ ಎದ್ದಾಳೇನು?"

"ಆಕಿ ಎಲ್ಲಿ ಏಳ್ತಾಳ. ಮೊಬೈಲ್ ಎದಿ ಮ್ಯಾಲ ಇಟ್ಕೊಂಡು ಮಲಗ್ಯಾಳ."

"ನನ್ನ ಮಗನೂ ಬಂದಾನ. ಗೊರಕಿ ಹೊಡ್ಯಾಕತ್ತಾನ."

ನಾನು ಉಸಿರು ಬಿಗಿಹಿಡಿದಿದ್ದೆ, ಗೊರಕೆ ಹೊಡೆಯುತ್ತಿರಲಿಲ್ಲ. ಠಕ್, ಠಕ್, ಠಕ್. ಆಗ ಅವ್ವ ಕೈಚಾಚಿ ತನ್ನ ಸ್ವಿಚ್ಚನ್ನು, ಸಪ್ಪಳವಾಗದಂತೆ ಸೆರಗನ್ನು ಮೇಲೆ ಮುಚ್ಚಿ, ಒತ್ತಿದಳು. ಟ್ಯೂಬು ಎರಡು ಸಲ ಮಿಟುಕಿಸಿ ಹತ್ತಿತು.

"ಹತ್ತಿತು."

"ಹ್ಞೂಂ."

ಬೆಳಕಿನಲ್ಲಿ ಕಿಂಡಿ ನೋಡಿದೆ. ನನ್ನ ಸಿಮೆಂಟು ಇರಲಿಲ್ಲ, ಗೋಣಿಯೂ ಇರಲಿಲ್ಲ. ಅಂಚಿನಲ್ಲಿ ಚಮಚದಿಂದ ಕೆರೆದ ಗೆರೆಗಳಿದ್ದವು. ಅವ್ವ "ಯಕ್ಕಾ" ಎಂದು ಕೂಡ ಅಂದಳು ಎಂದು ಬರೆಯಲು ಕೈ ತುಡಿಯುತ್ತದೆ. ಅಂದಿದ್ದರೆ ಎಷ್ಟು ಚೆಂದ! ನನಗೆ ಕೇಳಿಸಲಿಲ್ಲ.

ಏಳು ಗಂಟೆಗೆ ಚೀಲ ಹಿಡಿದು ದೊಡ್ಡವ್ವನ ಮನೆಗೆ ಹೋದೆ. ಸೊಸೆ ಚಹಾ ತಂದಳು. ಕೂರುವ ಮೊದಲೇ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಸ್ವಿಚ್ಚಿರಲಿಲ್ಲ. ಹಳೆಯ ಮರದ ಬೋರ್ಡನ್ನೇ ಕಿತ್ತುಹಾಕಿದ್ದರು. ಇದ್ದ ಜಾಗದಲ್ಲಿ ಸುಣ್ಣವಿಲ್ಲದ ಒಂದು ಚೌಕ, ಅದರ ನಡುವೆ ಲಟ್ಟಣಿಗೆಯ ಹಿಡಿ ತಾಗಿ ತಾಗಿ ಬಿದ್ದ ಸಣ್ಣ ತಗ್ಗು.

ಸೊಸೆ ಬಾಗಿಲ ಹತ್ತಿರ ಬಾಯಿಗೆ ಸೆರಗು ಒತ್ತಿಕೊಂಡಳು. "ಕತ್ತರಿಸಿದ ವೈರು ಡೇಂಜರ್ ಅಂತ ಇವರು ಎಲ್ಲಾ ತೆಗೆದ್ರಿ. ಅತ್ತಿ ಗ್ವಾಡಿಗೇ ಬಡೀತಾರ."

"ನೀ ಒಳಗ ನಡಿ," ಅಂದಳು ದೊಡ್ಡವ್ವ. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡಾಕತ್ತೀಲೇ? ಚಹಾ ಕುಡಿ, ಆರತದ."

"ದೊಡ್ಡವ್ವಾ, ವೈರು ಅವ್ವ ಕತ್ತರಿಸಿಲ್ಲ, ನಾನು. ನಿನಗ ಶಾಕ್ ಹೊಡೀತದಂತ ಆಕಿ ಹ್ಞೂಂ ಅಂದ್ಲು. ಇಲ್ಲಂದ್ರ ಬ್ಯಾಡ ಅಂತಿದ್ಲು."

ದೊಡ್ಡವ್ವ ಕಪ್ಪಿನ ಕೆಳಗಿನ ಬಸಿಯನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು.

"ಶಾಕ್ ಅಂದ್ಲೇನು?"

"ಹ್ಞೂಂ."

"ಆಕಿ ಮೊದಲಿಂದ ಅಂಜುಬುರುಕಿ," ಅಂದಳು. ನಾನು ಚೀಲಕ್ಕೆ ಕೈ ಹಾಕಿದ್ದೆ. ಸ್ವಿಚ್ಚುಗಳು ಬೆರಳಿಗೆ ತಾಗುತ್ತಿದ್ದವು. "ಅದ್ರಾಗ ಏನದ?"

"ಎರಡು ಸ್ವಿಚ್ಚು. ಒಂದು ಇಲ್ಲಿ, ಒಂದು ಅಲ್ಲಿ. ಇಬ್ಬರ ಕೈಲೆನೂ ಹತ್ತತದ."

"ಚೀಲ ಮುಚ್ಚು. ತೆಗದಿ ಅಂದ್ರ ಲಟ್ಟಣಿಗಿ ನಿನ್ನ ತಲಿಗಿ ಬೀಳತದ. ಮತ್ತ ಇಲ್ಲಿ ಸ್ವಿಚ್ ಇಲ್ಲಂತ ನಿಮ್ಮವ್ವಗ ಹೇಳಬ್ಯಾಡ."

ಮೊದಲು ಯಾರು? ದೊಡ್ಡವ್ವ ಬರಿ ಗೋಡೆಗೆ ಬಡಿದು ಕರೆದಳೋ, ಅವ್ವ ಕಿಂಡಿ ಕೆರೆದು ಕರೆದಳೋ? ಆಮೇಲೆ ಕೇಳಿದಾಗ, ಸೊಸೆಯ ಪ್ರಕಾರ ಅವ್ವ. ತಂಗಿಯ ಪ್ರಕಾರ ದೊಡ್ಡವ್ವ. ಇಬ್ಬರೂ ಅಲ್ಲಿ ನಿಂತು ನೋಡಿದವರಲ್ಲ, ನಾನೂ ಅಲ್ಲ.

ಮನೆಗೆ ಬಂದೆ. ಅವ್ವ ಕೊನೆಯ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

"ಚಹಾ ಕೊಟ್ಳೇನು?"

"ಕೊಟ್ಳು."

"ಗ್ವಾಡಿ ನೋಡಿದಿ?"

"ನೋಡಿದೆ."

"ಸ್ವಿಚ್ ಅದ ಏನು?"

"ಅದ," ಅಂದೆ.

ಅವ್ವ ಗಂಟು ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. ಬಾಯಿಯ ಒಂದು ಬದಿ ಅಲ್ಲಾಡಿತು. "ನಿನಗ ಸಣ್ಣಂದಿನಿಂದ ಸುಳ್ಳು ಹೇಳಾಕ ಬರಂಗಿಲ್ಲ," ಅಂದಳು. ಆಮೇಲೆ, ಗಂಟನ್ನು ನನ್ನ ಕೈಗೆ ಕೊಡುತ್ತ, "ಖಾನಾವಳಿಗಿ ಕೊಟ್ಟು ಬಾ. ಬರೂದ್ರಾಗ ನಾನು ಬ್ಯಾಳಿ ಇಡ್ತೀನಿ. ಆ ಚೀಲ ಇಲ್ಲೇ ಇಡು. ಸುಮ್ನ ಇರಾಕ ಆಗಂಗಿಲ್ಲ ನಿನಗ."

ಸ್ವಿಚ್ಚುಗಳು ಈಗ ರಾಯಚೂರಿನ ನನ್ನ ಕೋಣೆಯ ಮೇಜಿನ ಖಾನೆಯಲ್ಲಿವೆ. ಬರೆಯುವಾಗ ಕೈ ಅಲ್ಲಿಗೇ ಹೋಗುತ್ತದೆ. ಒಂದನ್ನು ತೆಗೆದು ಟಕ್ ಅನ್ನಿಸುತ್ತೇನೆ, ಮತ್ತೆ ಒಳಗಿಡುತ್ತೇನೆ. ಅವ್ವ ಮೊನ್ನೆ ಫೋನಿನಲ್ಲಿ ಹೇಳಿದಳು, ಮಾಳಿಗೆ ಸೋರುವುದಕ್ಕೆ ದೊಡ್ಡವ್ವ ಹೊಸ ಮಣ್ಣು ಹಾಕಿಸುತ್ತಿದ್ದಾಳಂತೆ. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ.